ಪ್ರೊಪೆಲ್ಲರ್ ಇಲ್ಲ ಎಂಬುದೊಂದೇ ಸಾಲದು

ಬೇಸಿಗೆ ಬಂತೆಂದರೆ ಅಮೆರಿಕದ ಸರೋವರಗಳಲ್ಲಿ ಕುಟುಂಬಗಳು ದೋಣಿ ಇಳಿಸುತ್ತವೆ. ಹೊಸ ಜೆಟ್ ಬೋಟಿನ ಬೆಲೆ ಕೇಳಿ ಹಿಂದೆ ಸರಿದವರು ಬಳಸಿದ್ದನ್ನು ಹುಡುಕುತ್ತಾರೆ. ಮಾರುವವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: ಇದಕ್ಕೆ ಪ್ರೊಪೆಲ್ಲರ್ ಇಲ್ಲ, ಆದ್ದರಿಂದ ಮಕ್ಕಳಿಗೆ ಅಪಾಯವಿಲ್ಲ. ಈ ಮಾತಿನ ಮೊದಲರ್ಧ ನಿಜ. ಉಳಿದರ್ಧವನ್ನು ನಂಬಿ ಹಣ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ನೆಲೆಸಿ ಇಂಥ ಖರೀದಿಯ ಯೋಚನೆಯಲ್ಲಿರುವ ಕನ್ನಡ ಕುಟುಂಬಗಳಿಗೂ ಇದನ್ನೇ ಹೇಳುತ್ತೇನೆ.

ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಈ ಬಗೆಯ ದೋಣಿಯನ್ನು ರೂಪಿಸಿದ್ದು ಅಲ್ಲಿನ ಆಳವಿಲ್ಲದ, ಕಲ್ಲು ತುಂಬಿದ ನದಿಗಳಿಗಾಗಿ. ತಳದ ಜಾಲರಿಯಿಂದ ನೀರೆಳೆದುಕೊಂಡು ಹಿಂದಿನ ಕೊಳವೆಯಿಂದ ರಭಸವಾಗಿ ಚಿಮ್ಮಿಸಿ ದೋಣಿ ಮುಂದಕ್ಕೆ ಹೋಗುತ್ತದೆ. ಈಜುವವರ ಬಳಿ ತಿರುಗುವ ಅಲಗು ಇಲ್ಲದಿರುವುದು ದೊಡ್ಡ ಅನುಕೂಲವೇ, ಅದನ್ನು ಅಲ್ಲಗಳೆಯಲಾಗದು. ಆದರೆ ಚಿಮ್ಮುವ ನೀರಿನ ದಿಕ್ಕೇ ಇಲ್ಲಿ ಚುಕ್ಕಾಣಿ. ಎದುರಿಗೆ ಏನೋ ಕಂಡು ಗಾಬರಿಯಿಂದ ಥ್ರಾಟಲ್ ಬಿಟ್ಟರೆ ದೋಣಿ ತಿರುಗುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡು ನೇರವಾಗಿಯೇ ಜಾರುತ್ತದೆ. ರಸ್ತೆಯಲ್ಲಿ ಕಾರು ಓಡಿಸಿ ಅಭ್ಯಾಸವಾದ ಕಾಲು ಕೈಗಳಿಗೆ ಇದು ತಿಳಿಯದು. ಜೊತೆಗೆ ನೀರೆಳೆಯುವ ಜಾಲರಿ ಉದ್ದ ಕೂದಲನ್ನೋ ಹಗ್ಗವನ್ನೋ ಸೆಳೆದುಕೊಳ್ಳಬಹುದು. ಹಿಂಬದಿಗೆ ಬಿದ್ದವರ ದೇಹದೊಳಕ್ಕೆ ಜೆಟ್ಟಿನ ನೀರು ನುಗ್ಗಿ ತೀವ್ರ ಗಾಯವಾಗಬಹುದು.

ಹೀಗಿರುವಾಗ ಹಳೆಯ ದೋಣಿಯಲ್ಲಿ ನೋಡಬೇಕಾದದ್ದು ಬಣ್ಣವನ್ನಲ್ಲ, ನೀರೆಳೆದು ಚಿಮ್ಮಿಸುವ ಪಂಪನ್ನು. ಪಂಪಿನೊಳಗೆ ತಿರುಗುವ ಅಲಗಾದ ಇಂಪೆಲ್ಲರ್ ಮತ್ತು ಅದರ ಸುತ್ತಲಿನ ಬಳೆಯಾದ ವೇರ್ ರಿಂಗ್ ನಡುವಿನ ಸಂದು ಕೂದಲೆಳೆಯಷ್ಟೇ ಇರಬೇಕು. ಮರಳು, ಕಲ್ಲು ಎಳೆದುಕೊಂಡ ದೋಣಿಯಲ್ಲಿ ಅದು ಹಿಗ್ಗಿರುತ್ತದೆ. ಆಗ ಎಂಜಿನ್ ಕಿರುಚುತ್ತದೆ, ವೇಗ ಮಾತ್ರ ಏರುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ದಡ ಸೇರುವ ಹೊತ್ತಿಗೆ ಇದು ಬರೀ ರಿಪೇರಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆದ್ದರಿಂದ ನೀರಿನಲ್ಲಿ ಓಡಿಸಿ ನೋಡದೆ ಮುಂಗಡ ಕೊಡಬೇಡಿ. ಯಮಹಾ ಎಂಜಿನ್ ಹೊರಗಿನ ನೀರಿನಿಂದಲೇ ತಣಿಯುವುದರಿಂದ ಸಮುದ್ರದಲ್ಲಿ ಓಡಿದ್ದರೆ ಒಳಗೆ ಉಪ್ಪು ಕೂತಿದೆಯೇ ಎಂದು ಪರೀಕ್ಷಿಸಬೇಕು. ಸೀ-ಡೂ ದೋಣಿಗಳ ಫೋರ್-ಟೆಕ್ ಎಂಜಿನ್‌ನಲ್ಲಿ ತಣಿಸುವ ದ್ರವ ಒಳಗೇ ಸುತ್ತುತ್ತದೆ. ಆದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇರುವ ಮಾದರಿಯಾದರೆ ಅದನ್ನು ಕಾಲಕಾಲಕ್ಕೆ ಬಿಚ್ಚಿ ಸರಿಪಡಿಸಿದ ರಸೀದಿ ಕೈಗೆ ಬರಲೇಬೇಕು. ಸೀ-ಡೂ ಸ್ಪೋರ್ಟ್ ಬೋಟ್‌ಗಳ ತಯಾರಿಕೆಯನ್ನು ಅದರ ಕಂಪನಿ ಬಿಆರ್‌ಪಿ 2012ರಲ್ಲಿ ಕೈಬಿಟ್ಟಿತು. ಅಂದರೆ ಇಂದು ಸಿಗುವ ಆ ಕಾಲದ ದೋಣಿಗಳೆಲ್ಲ ಹತ್ತು ವರ್ಷ ದಾಟಿದವು.

ಕಡಿಮೆ ಗಂಟೆ ಓಡಿದ ಮೀಟರ್ ತೋರಿಸಿ, ಇಷ್ಟೆಲ್ಲ ತಪಾಸಣೆ ಯಾಕೆ ಎನ್ನುವವರಿದ್ದಾರೆ. ವರ್ಷಗಟ್ಟಲೆ ನಿಂತ ದೋಣಿಯ ಇಂಧನ ಕೆಡುತ್ತದೆ, ರಬ್ಬರ್ ಕೊಳವೆ ಬಿರಿಯುತ್ತದೆ, ಚಳಿ ರಾಜ್ಯಗಳಲ್ಲಿ ನೀರು ಪೂರ್ತಿ ತೆಗೆಯದೆ ಬಿಟ್ಟರೆ ಹೆಪ್ಪುಗಟ್ಟಿ ಎಂಜಿನ್ ಒಡೆಯುತ್ತದೆ. ನಿಯಮಿತವಾಗಿ ಓಡಿ, ದಾಖಲೆ ಇಟ್ಟುಕೊಂಡ ದೋಣಿಯೇ ಎಷ್ಟೋ ಮೇಲು. ತಜ್ಞರಿಂದ ಪರೀಕ್ಷೆ ಮಾಡಿಸುವುದು ದುಬಾರಿ ಎಂಬ ಆಕ್ಷೇಪವೂ ಇದೆ. ಹೊಸದರ ಬದಲು ಹಳೆಯದನ್ನು ಕೊಳ್ಳುವುದರಿಂದ ಉಳಿಯುವ ಹಣದಲ್ಲಿ ಒಂದು ಪಾಲನ್ನು ಇದಕ್ಕೇ ಎತ್ತಿಡಬೇಕು. ಇಲ್ಲವಾದರೆ ಅದು ಉಳಿತಾಯವೇ ಅಲ್ಲ. ಹಾಗಾದರೆ ಪ್ರೊಪೆಲ್ಲರ್ ದೋಣಿಯೇ ಒಳ್ಳೆಯದೇ? ಹಿಂಬದಿಯಲ್ಲಿ ಮಕ್ಕಳು ನೀರಿಗಿಳಿಯುವ ಮನೆಗೆ ಜೆಟ್ಟೇ ಸರಿ, ಅದರ ಸ್ವಭಾವ ಕಲಿತ ಮೇಲೆ.

ದೋಣಿ ಯಾವುದೇ ಇರಲಿ, ಅಮೆರಿಕದ ಕೋಸ್ಟ್ ಗಾರ್ಡ್ ಅಂಕಿಅಂಶ ಮರೆಯುವಂತಿಲ್ಲ: 2023ರಲ್ಲಿ ವಿಹಾರ ದೋಣಿಗಳ ಅವಘಡಗಳಲ್ಲಿ 564 ಜನ ಸತ್ತರು, ಕಾರಣ ಗೊತ್ತಾದ ಸಾವುಗಳಲ್ಲಿ ಮುಕ್ಕಾಲು ಪಾಲು ಮುಳುಗಿ ಆದದ್ದು, ಹಾಗೆ ಮುಳುಗಿದವರಲ್ಲಿ ಶೇ 87 ಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. 26 ಅಡಿಗಿಂತ ಚಿಕ್ಕ ದೋಣಿ ವೇಗದಲ್ಲಿ ಸಾಗುವಾಗ, ಎಂಜಿನ್ ನಿಲ್ಲಿಸುವ ತುರ್ತು ಸ್ವಿಚ್ಚಿನ ದಾರವನ್ನು ಚಾಲಕ ಕಟ್ಟಿಕೊಳ್ಳಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕೊಳ್ಳುವ ದಿನ ಆ ಸ್ವಿಚ್ಚನ್ನು ಎಳೆದು ನೋಡಿ. ಎಂಜಿನ್ ಆ ಕ್ಷಣವೇ ನಿಲ್ಲದಿದ್ದರೆ ಬೆಲೆ ಎಷ್ಟೇ ಇಳಿಸಲಿ, ವ್ಯಾಪಾರ ಕೈಬಿಡಿ.