ತೋತಾಪುರಿ ಬೀದಿಗೆ ಬಿದ್ದಾಗ ನಿಮ್ಮ ಕೀಲಿಮಣೆ ಎಲ್ಲಿತ್ತು?

ಶ್ರೀನಿವಾಸಪುರದ ಹುಡುಗರೇ, ಬೆಂಗಳೂರಿಗೆ ಬಂದು ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸುತ್ತಿರುವ ಕೋಲಾರದ ಕುಡಿಗಳೇ, ನಿಮಗೊಂದು ನೇರ ಪ್ರಶ್ನೆ. 2025ರ ಜೂನ್‌ನಲ್ಲಿ ನಿಮ್ಮಪ್ಪನ ತೋಟದ ತೋತಾಪುರಿಗೆ ಆಂಧ್ರದ ಗಡಿಯಲ್ಲಿ ಬಾಗಿಲು ಮುಚ್ಚಿದರಲ್ಲ, ಆಗ ನೀವು ಏನು ಬರೆದಿರಿ? ಯಾವ ಭಾಷೆಯಲ್ಲಿ ಬರೆದಿರಿ?

ನಡೆದದ್ದು ಇಷ್ಟು. ನಮ್ಮ ತೋತಾಪುರಿಗೆ ದೊಡ್ಡ ಗಿರಾಕಿಗಳೆಂದರೆ ಗಡಿಯಾಚೆ ಚಿತ್ತೂರು ಜಿಲ್ಲೆಯ ಮಾವಿನ ತಿರುಳಿನ ಕಾರ್ಖಾನೆಗಳು. ಆ ವರ್ಷ ಬೆಲೆ ಕುಸಿಯಿತು. ಕಾರ್ಖಾನೆಯವರು ಕಿಲೋಗೆ 8 ರೂಪಾಯಿ ಕೊಡಬೇಕು, ಮೇಲೆ 4 ರೂಪಾಯಿ ತಾನು ಸೇರಿಸುತ್ತೇನೆ ಎಂದು ಆಂಧ್ರ ಸರ್ಕಾರ ಹೇಳಿತು. ಅದು ತಮ್ಮ ರೈತರಿಗೇ ದಕ್ಕಲಿ ಎಂದು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಆದೇಶ ಹೊರಡಿಸಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಶ್ರೀನಿವಾಸಪುರದ ರೈತರು ಬೀದಿಗಿಳಿದರು. ಕೊನೆಗೆ ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕ ಹಿಡಿದು, 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆಯ ವ್ಯತ್ಯಾಸ ತುಂಬಿಕೊಡಲು ಕೇಂದ್ರ ಒಪ್ಪಿತು.

ಈ ಲೆಕ್ಕ ಯಾರಿಗೆ ಗೊತ್ತಾಗಬೇಕಿತ್ತು ಸ್ವಾಮಿ? ಇಂಗ್ಲಿಷ್ ಪೇಪರ್ ಓದುತ್ತಾ ಕಾಫಿ ಕುಡಿಯುವವರಿಗೋ, ಮಂಡಿಯಲ್ಲಿ ಟ್ರಾಕ್ಟರ್ ನಿಲ್ಲಿಸಿಕೊಂಡು ಕೊಳೆಯುವ ಕಾಯಿ ನೋಡುತ್ತಾ ನಿಂತವನಿಗೋ? ಅವನ ಕೈಯಲ್ಲೂ ಇವತ್ತು ಫೋನಿದೆ. ಆದರೆ ಅದರೊಳಗೆ ಅವನ ಊರಿನ ಸುದ್ದಿ ಅವನಿಗೆ ತಿಳಿಯುವ ಕನ್ನಡದಲ್ಲಿ ಎಷ್ಟಿದೆ? ತಂದು ಹಾಕಬೇಕಾದ ನೀವು ಊರ ಮಾವಿನ ಫೋಟೋಕ್ಕೆ ಇಂಗ್ಲಿಷಿನಲ್ಲಿ ಎರಡು ಸಾಲು ಗೀಚಿ ಲೈಕು ಎಣಿಸುತ್ತೀರಿ. 'ಊಟ ಆಯ್ತಾ' ಎಂದು ಅಮ್ಮನನ್ನು ಕೇಳುವುದಕ್ಕೂ ಇಂಗ್ಲಿಷ್ ಅಕ್ಷರ! ನಾಚಿಕೆಯಾಗುವುದಿಲ್ಲವೇ?

ಬರೆಯುವ ಹುಡುಗರು ಒಟ್ಟಾದರೆ ಏನಾಗುತ್ತದೆಂದು ತಿಳಿಯಬೇಕಿದ್ದರೆ ನೈಜೀರಿಯಾ ಕಡೆ ನೋಡಿ. ಅಲ್ಲಿ ಸೆಯುನ್ ಒಸೆವಾ ಎಂಬ ಯುವಕ 2005ರಲ್ಲಿ 'ನೈರಾಲ್ಯಾಂಡ್' ಎಂಬ ಹರಟೆಕಟ್ಟೆ ತೆರೆದ. 2006ರಲ್ಲಿ ಲಿಂಡಾ ಇಕೇಜಿ ಎಂಬ ಹೆಣ್ಣುಮಗಳು ಬ್ಲಾಗ್ ಶುರುಮಾಡಿ ಮನೆಮಾತಾದಳು. ಅವಳ ಹಿಂದೆ ನೂರಾರು ಬ್ಲಾಗಿಗರು ಹುಟ್ಟಿಕೊಂಡರು. ಬರೆದದ್ದರಲ್ಲಿ ಸಿನಿಮಾ ತಾರೆಯರ ಗಾಳಿಮಾತೇ ಹೆಚ್ಚು, ಇರಲಿ. ಆದರೆ 2020ರ ಅಕ್ಟೋಬರ್‌ನಲ್ಲಿ ದರೋಡೆ ನಿಗ್ರಹಕ್ಕೆಂದು ಕಟ್ಟಿದ ಪೊಲೀಸ್ ದಳವೇ ಜನರನ್ನು ಸುಲಿಯುತ್ತಿದೆ ಎಂದು ಅಲ್ಲಿನ ಯುವಕರು ಬೀದಿಯಲ್ಲೂ ಇಂಟರ್‌ನೆಟ್ಟಿನಲ್ಲೂ ಒಟ್ಟಿಗೇ ಕೂಗಿದಾಗ, ಸರ್ಕಾರ ಆ ದಳವನ್ನು ವಿಸರ್ಜಿಸುತ್ತೇವೆಂದು ಘೋಷಿಸಬೇಕಾಯಿತು. ಎಷ್ಟೊಂದು ನೆತ್ತರೂ ಹರಿಯಿತು ಎನ್ನುವುದು ಬೇರೆ ಮಾತು.

ಆ ಗಂಡೆದೆ ಕಲಿಯಿರಿ. ಆದರೆ ಅವರ ಭಾಷೆಯ ಪಾಡು ಕಲಿಯಬೇಡಿ. ಐನೂರಕ್ಕೂ ಹೆಚ್ಚು ಭಾಷೆಗಳ ಆ ನಾಡಿನಲ್ಲಿ ಬ್ರಿಟಿಷರು ಬಿಟ್ಟುಹೋದ ಇಂಗ್ಲಿಷೇ ಆಡಳಿತ ಭಾಷೆ. ಯೊರುಬಾ, ಇಗ್ಬೋ ಆಡುವವರು ಕೋಟಿಗಟ್ಟಲೆ ಇದ್ದರೂ ಬ್ಲಾಗು ತುಂಬುವುದು ಇಂಗ್ಲಿಷಿನಲ್ಲೇ. ಅವರಿಗಾದರೂ ಒಂದು ನೆಪವಿದೆ. ಯೊರುಬಾ ಸರಿಯಾಗಿ ಬರೆಯಲು ಅಕ್ಷರದ ಕೆಳಗೆ ಚುಕ್ಕಿ ಬೇಕು, ಮೇಲೆ ಸ್ವರದ ಗುರುತು ಬೇಕು. ಮಾಮೂಲಿ ಕೀಲಿಮಣೆಯಲ್ಲಿ ಅವಿಲ್ಲ.

ನಿಮಗೇನು ನೆಪ? ಕೆ.ಪಿ. ರಾವ್ ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ 'ಬರಹ' ಕೊಟ್ಟರು. ಕನ್ನಡ ಗಣಕ ಪರಿಷತ್ತು 'ನುಡಿ' ಕೊಟ್ಟಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಬಂತು. 2005ರಲ್ಲಿ ಹರಿಪ್ರಸಾದ್ ನಾಡಿಗ್ 'ಸಂಪದ' ಕಟ್ಟಿದರು. ಕನ್ನಡದ ಬ್ಲಾಗಿಗರ ಒಂದು ತಲೆಮಾರೇ ಅಲ್ಲಿ ಪಳಗಿತು. ಪೂರ್ಣಚಂದ್ರ ತೇಜಸ್ವಿಯಂಥವರು ಕಾಡಿನ ಅಂಚಿನಲ್ಲಿ ಕೂತು ಕಂಪ್ಯೂಟರಿಗೆ ಕನ್ನಡ ಬೇಕೆಂದು ಜಗಳವಾಡಿದರು. ಇವತ್ತು ಅಗ್ಗದ ಫೋನಿನಲ್ಲೂ ಕನ್ನಡ ಬರೆಯಬಹುದು. ಒತ್ತಕ್ಷರ ಕಷ್ಟ ಎನ್ನುತ್ತೀರಾ? ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ!

ಇನ್ನೊಂದು ರಾಗವಿದೆ: "ನಮ್ಮ ಮನೇಲಿ ತೆಲುಗು ಸಾರ್, ಕನ್ನಡ ಅಷ್ಟಾಗಿ ಬರೆಯೋಕೆ ಬರಲ್ಲ." ಗಡಿ ತಾಲ್ಲೂಕು, ತೆಲುಗು ಇದ್ದೇ ಇರುತ್ತದೆ. ಮನೆಯಲ್ಲಿ ಧಾರಾಳವಾಗಿ ಆಡಿ, ಯಾರೂ ಬೇಡವೆನ್ನುವುದಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರು ಬರೆದದ್ದು ಕನ್ನಡ, 1983ರ ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ಮುಳಬಾಗಿಲಿನ ಡಿವಿಜಿ ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಪತ್ರಿಕೆ ನಡೆಸಿದರು. ನಿಮಗೆ ಕಾಗದದ ಖರ್ಚೂ ಇಲ್ಲ!

ಹಾಗೆಂದು ನವೆಂಬರ್ ಒಂದರಂದು ಹಳದಿ ಕೆಂಪು ಬಾವುಟ ಹಾಕಿ 'ಜೈ ಕನ್ನಡಾಂಬೆ' ಎಂದರೆ ಮುಗಿಯಿತೆಂದುಕೊಳ್ಳಬೇಡಿ. ಆ ಥರದ ಬರಹ ನಮ್ಮಲ್ಲಿ ರಾಶಿ ಬಿದ್ದಿದೆ. ರೈತನಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಮುಂದಿನ ಸುಗ್ಗಿಗೆ ನಾಲ್ಕೈದು ಜನ ಸೇರಿ. ಶನಿವಾರ ಊರಿಗೆ ಹೋಗುತ್ತೀರಲ್ಲ, ಮಂಡಿಗೂ ಒಂದು ಹೆಜ್ಜೆ ಹಾಕಿ. ಇವತ್ತು ತೋತಾಪುರಿ ಎಷ್ಟಕ್ಕೆ ಹೋಯಿತು, ಬಾದಾಮಿ ಎಷ್ಟಕ್ಕೆ, ಕಮಿಷನ್ ಎಷ್ಟು ಹಿಡಿದರು, ತೂಕದಲ್ಲಿ ಎಷ್ಟು ಕಳೆದರು, ಪರಿಹಾರದ ಅರ್ಜಿಗೆ ಯಾವ ಕಾಗದ ಬೇಕು, ಯಾವ ಕಚೇರಿಯಲ್ಲಿ ಯಾರು ಅಲೆದಾಡಿಸುತ್ತಿದ್ದಾರೆ, ಎಲ್ಲವನ್ನೂ ಕೇಳಿ ಬರೆದುಕೊಳ್ಳಿ. ಅದೇ ಸಂಜೆ ಕನ್ನಡ ಅಕ್ಷರದಲ್ಲಿ ಹಾಕಿ. ಮೊದಲ ಲಿಂಕನ್ನು ನಿಮ್ಮಪ್ಪನಿಗೆ ಕಳಿಸಿ.