ಹೊಟ್ಟಿಗೂ ಬೆಲೆ ಬಂದಾಗ

ತೊಗರಿಯ ರಾಶಿ ಮುಗಿದ ಮೇಲೆ ಅಕ್ಕಲಕೋಟ, ಜತ್ ಭಾಗದ ಹೊಲಗಳಲ್ಲಿ ಉಳಿಯುವ ಕಟ್ಟಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಲವಿಲ್ಲದ ಮನೆಯ ಹೆಣ್ಣುಮಕ್ಕಳು ಒಡೆಯನನ್ನು ಒಂದು ಮಾತು ಕೇಳಿ, ಹೊರೆ ಕಟ್ಟಿ ಒಲೆಗೆ ಒಯ್ಯುತ್ತಾರೆ. ಮಿಕ್ಕದ್ದು ಬದುವಿನಲ್ಲಿ ಸುಟ್ಟು ಬೂದಿಯಾಗುತ್ತದೆ. ಇಂತಹ ಉಳಿಕೆಯಿಂದ ವಿದ್ಯುತ್ತನ್ನು ಪಡೆಯಬಹುದೆಂದು ಮಕ್ಕಳು ಶಾಲೆಯಲ್ಲಿ ಕಲಿತು ಬಂದು ಹೇಳಿದರೆ ಅದು ಸುಳ್ಳಲ್ಲ. ಆದರೆ ಈ ಇಂಧನ ಅಗ್ಗವಾಗಿರುವುದು ಯಾರಿಗೆ, ಎಷ್ಟು ಕಾಲ ಎಂಬ ಪ್ರಶ್ನೆಯನ್ನೂ ಅದರೊಡನೆ ಕೇಳಬೇಕು.

ಕಟ್ಟಿಗೆಗೆ ಸಾಕಷ್ಟು ಗಾಳಿ ಸಿಕ್ಕರೆ ಅದು ಉರಿದು ಬೂದಿಯಾಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಗಾಳಿಯನ್ನು ಮಿತಗೊಳಿಸಿ ಕಾಯಿಸಿದರೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್, ಸ್ವಲ್ಪ ಮೀಥೇನ್ ಕೂಡಿದ ಅನಿಲ ಹೊರಡುತ್ತದೆ. ಇದೇ ಅನಿಲೀಕರಣ. ತಣಿಸಿ ಶುದ್ಧಿಗೊಳಿಸಿದ ಈ ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ತು ತೆಗೆಯಬಹುದು. ಉಳಿಕೆ ಚೆನ್ನಾಗಿ ಒಣಗಿರಬೇಕು. ಇಲ್ಲವಾದರೆ ಡಾಂಬರಿನಂತಹ ಜಿಗಟು ಹೆಚ್ಚಿ ಎಂಜಿನ್ ಕೆಡುತ್ತದೆ. ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದ ವಿಷವಾದ್ದರಿಂದ ಇದು ಅಂಗಳದಲ್ಲಿ ಮಾಡಿ ನೋಡುವ ಪ್ರಯೋಗವಲ್ಲ.

ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1988ರಲ್ಲಿ ಇಂತಹ ಘಟಕವನ್ನು ಸ್ಥಾಪಿಸಿತು. ಸುಮಾರು 35 ಮನೆಗಳ ಆ ಹಳ್ಳಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಒದಗಿದವು. ಅಲ್ಲಿ ಕಟ್ಟಿಗೆಗಾಗಿಯೇ ಊರಿನ ಬಳಿ ಮರ ಬೆಳೆಸಲಾಗಿತ್ತು. ಯಂತ್ರದಷ್ಟೇ ಇಂಧನದ ಭರವಸೆಯೂ ಮುಖ್ಯವೆಂಬ ಅರಿವು ಆ ಯೋಜನೆಯಲ್ಲಿತ್ತು.

ಬಿಹಾರದ ಕಥೆ ಇನ್ನಷ್ಟು ಪಾಠ ಕಲಿಸುತ್ತದೆ. ಪಶ್ಚಿಮ ಚಂಪಾರಣ್ ಜಿಲ್ಲೆಯ ತಮಕುಹಾ ಎಂಬ ಹಳ್ಳಿಯಲ್ಲಿ 2007ರಲ್ಲಿ ಹಸ್ಕ್ ಪವರ್ ಸಿಸ್ಟಮ್ಸ್ ಸಂಸ್ಥೆಯು ಭತ್ತದ ಹೊಟ್ಟಿನಿಂದ ವಿದ್ಯುತ್ತನ್ನು ಉತ್ಪಾದಿಸಿ ಕತ್ತಲ ಮನೆಗಳನ್ನು ಬೆಳಗಿಸಿತು. ಉಳಿದ ಕರಿಯಿಂದ ಮಹಿಳೆಯರು ಊದುಬತ್ತಿ ಹೊಸೆದರು. ಆದರೆ ಗಿರಣಿಯವರು ಹೊರಗೆ ಚೆಲ್ಲುತ್ತಿದ್ದ ಹೊಟ್ಟಿಗೆ ಗಿರಾಕಿ ದೊರೆತೊಡನೆ ಬೆಲೆಯೂ ಹುಟ್ಟಿತು. ಕಸ ಸರಕಾಯಿತು. ಮುಂದೆ ಆ ಸಂಸ್ಥೆ ಹೊಟ್ಟಿನ ಜೊತೆಗೆ ಸೂರ್ಯಶಕ್ತಿಯನ್ನೂ ಅವಲಂಬಿಸಿತು.

ತೊಗರಿ ಕಟ್ಟಿಗೆಗೂ ನಾಳೆ ಬೆಲೆ ಬಂದರೆ ರೈತನಿಗೆ ಸಂತೋಷವೇ. ಆದರೆ ಹೊರೆ ಹೊತ್ತು ಒಯ್ಯುತ್ತಿದ್ದ ತಾಯಿಯ ಗತಿಯೇನು? ಕಾನೂನಿನ ದೃಷ್ಟಿಯಲ್ಲಿ ಆಕೆಗಿದ್ದದ್ದು ಹಕ್ಕಲ್ಲ, ಬರಿಯ ಅನುಮತಿ. ಕೊಟ್ಟವನು ಅದನ್ನು ಸಾಮಾನ್ಯವಾಗಿ ಹಿಂತೆಗೆಯಬಲ್ಲ. ಊರಿಗೆ ದೀಪ ಬಂದ ದಿನವೇ ಒಬ್ಬಳ ಒಲೆ ಆರಿದರೆ ಆ ಬೆಳಕು ಪೂರ್ಣವೆನಿಸದು.

ಆದ್ದರಿಂದ ಯಾರಾದರೂ ಉಳಿಕೆಯನ್ನು ಕೊಳ್ಳಲು ಬಂದಾಗ ಕರಾರು ಕಾಗದದ ಮೇಲಿರಲಿ. 1872ರ ಕರಾರು ಕಾಯಿದೆಯಂತೆ ಬಾಯಿಮಾತಿನ ಒಪ್ಪಂದವೂ ಸಿಂಧುವಾಗಬಲ್ಲದು. ಆದರೆ ವ್ಯಾಜ್ಯ ಬಂದರೆ ಅದನ್ನು ರುಜುವಾತುಪಡಿಸುವುದು ಕಷ್ಟ. ದರ ಎಷ್ಟು ವರ್ಷಕ್ಕೆ, ತೂಕ ಹಸಿಯದೋ ಒಣಗಿದ್ದೋ, ಕಡಿಯುವ ಮತ್ತು ಸಾಗಿಸುವ ಕೂಲಿ ಯಾರದು, ಬೂದಿ ಹೊಲಕ್ಕೆ ಮರಳುವುದೇ ಎಂಬುದೆಲ್ಲ ಅದರಲ್ಲಿ ಬರೆಯಲ್ಪಡಲಿ. ಒಲೆಗಳಿಗಾಗಿ ಇಂತಿಷ್ಟು ಹೊರೆ ಬಿಡತಕ್ಕದ್ದೆಂಬ ಒಂದು ಸಾಲೂ ಇರಲಿ. ಮರಾಠಿಯಲ್ಲಿ ಬರೆದ ಕಾಗದವನ್ನು ಕನ್ನಡವಷ್ಟೇ ಓದಬಲ್ಲ ರೈತನು ಅರ್ಥವಾಗದೆ ಒಪ್ಪಬಾರದು. ಕನ್ನಡದಲ್ಲಿ ಓದಿಸಿ ಕೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಲಿ, ಸಹಿ ಹಾಕಲಿ. ಓದಿ ಹೇಳುವ ಕೆಲಸವನ್ನು ಮನೆಯಲ್ಲಿರುವ ಎಂಟನೆಯ ತರಗತಿಯ ಮಗಳು ಮಾಡಿದರೂ ಸಾಕು.