ಸಣ್ಣ ಲೀಗ್ ಕತೆಗಳು – 6: ಎಫ್‌ಸಿ ಎಡ್ಮಂಟನ್ ಯಾರದ್ದಾಗಿತ್ತು?

ಮೊದಲನೇ ಫೋಟೋದಲ್ಲಿ ಹಿಮದ ರಾಶಿ ಮೇಲೆ ಹಾರಿ ಬಿದ್ದಿರೋನು ಸ್ಯಾಮ್ ಅಡೆಕುಗ್ಬೆ. 2021ರ ನವೆಂಬರ್ 16. ಕೆನಡಾದ ಎಡ್ಮಂಟನ್ ಊರಿನ ಕಾಮನ್‌ವೆಲ್ತ್ ಸ್ಟೇಡಿಯಂ, ಮೈನಸ್ 9 ಡಿಗ್ರಿ ಚಳಿ. 44 ಸಾವಿರಕ್ಕೂ ಹೆಚ್ಚು ಜನ ಕಂಬಳಿ ಹೊದ್ಕೊಂಡು ಕೂತು ನೋಡಿದ ಮ್ಯಾಚಲ್ಲಿ ಕೆನಡಾ ಮೆಕ್ಸಿಕೋನ 2-1ಕ್ಕೆ ಸೋಲಿಸ್ತು, ಕೈಲ್ ಲ್ಯಾರಿನ್ ಎರಡೂ ಗೋಲು ಹೊಡೆದ. ಈ ವಿಡಿಯೋ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರ.

ಎರಡನೇ ಫೋಟೋ ನೋಡಿರಲ್ಲ. ಅದು ಅದೇ ಸ್ಟೇಡಿಯಂ ಪಕ್ಕದಲ್ಲೇ ಇರೋ ಪುಟ್ಟ ಮೈದಾನ, ಕ್ಲಾರ್ಕ್ ಸ್ಟೇಡಿಯಂ. ಊರಿನ ಸ್ವಂತ ಕ್ಲಬ್ ಎಫ್‌ಸಿ ಎಡ್ಮಂಟನ್ ಆಡ್ತಿದ್ದದ್ದು ಅಲ್ಲಿ. ದೊಡ್ಡ ಸ್ಟೇಡಿಯಂನಲ್ಲಿ ಆ ಹಬ್ಬ ನಡೆದು ಸುಮಾರು ಒಂದು ವರ್ಷಕ್ಕೆ ಪಕ್ಕದ ಈ ಕ್ಲಬ್ ಬಾಗಿಲು ಹಾಕ್ತು. ಊರಲ್ಲಿ ಫುಟ್‌ಬಾಲ್ ನೋಡೋರೇ ಇಲ್ಲ ಅನ್ನೋ ಮಾತು ಇಲ್ಲಿ ನಡೆಯಲ್ಲ ಅಲ್ವಾ? ಹಾಗಾದ್ರೆ ಆಗಿದ್ದೇನು?

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಕಮೆಂಟಲ್ಲಿ ಜಗಳ ಆಡೋಕೆ ಸುಲಭ ಆಗ್ಲಿ. ಎಫ್‌ಸಿ ಎಡ್ಮಂಟನ್ ಸತ್ತದ್ದು ಚಳಿಯಿಂದಲ್ಲ, ಐಸ್ ಹಾಕಿಯಿಂದಲೂ ಅಲ್ಲ. ಅದು ಯಾವತ್ತೂ ಊರಿನ ಆಸ್ತಿ ಆಗಿರಲಿಲ್ಲ, ಅದಕ್ಕೇ ಸತ್ತಿತು.

ಸ್ವಲ್ಪ ಹಿಂದಕ್ಕೆ ಹೋಗೋಣ. 1979ರಲ್ಲಿ ಆ ಊರಿಗೆ ಡ್ರಿಲ್ಲರ್ಸ್ ಅಂತ ಒಂದು ಟೀಮ್ ಬಂತು. ಊರವರು ಕಟ್ಟಿದ್ದಲ್ಲ, ಅಮೆರಿಕದ ಓಕ್‌ಲ್ಯಾಂಡ್‌ನಿಂದ ಎತ್ತಿ ತಂದು ಇಟ್ಟದ್ದು. ಮಾಲೀಕ ಪೀಟರ್ ಪಾಕ್ಲಿಂಗ್ಟನ್. ಇದೇ ಮನುಷ್ಯ 1988ರಲ್ಲಿ ಐಸ್ ಹಾಕಿಯ ದೇವರು ವೇಯ್ನ್ ಗ್ರೆಟ್ಸ್ಕಿಯನ್ನ ಲಾಸ್ ಏಂಜಲೀಸ್‌ಗೆ ಮಾರಿ ಇಡೀ ದೇಶದಿಂದ ಬೈಸ್ಕೊಂಡ. ಡ್ರಿಲ್ಲರ್ಸ್ ಒಳಾಂಗಣ ಲೀಗಿನ ಚಾಂಪಿಯನ್ ಕೂಡ ಆಗಿತ್ತು, ಆದ್ರೂ 1982ಕ್ಕೆ ಮುಗೀತು. ಆಮೇಲೆ ಬ್ರಿಕ್ ಮೆನ್ ಅಂತ ಒಂದು ಬಂದು ಹೋಯ್ತು. 2004ರಲ್ಲಿ ಏವಿಯೇಟರ್ಸ್ ಬಂತು, ಆದ್ರೆ ಅದರ ಮಾಲೀಕರು ಮೊದಲ ಸೀಸನ್ ಮುಗಿಯೋ ಮೊದಲೇ ಕೈ ಎತ್ತಿಬಿಟ್ರು. ಉಳಿದ ಮ್ಯಾಚುಗಳನ್ನ ಲೀಗೇ ಟೀಮ್ ನಡೆಸಿ ಹೇಗೋ ಮುಗಿಸ್ತು. ಮುಂದಿನ ವರ್ಷ ಆ ಟೀಮ್ ಇಲ್ಲ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮತ್ತೆ ಬರುತ್ತೆ.

2010ರಲ್ಲಿ ಟಾಮ್ ಮತ್ತು ಡೇವ್ ಫಾತ್ ಅನ್ನೋ ಅಣ್ಣತಮ್ಮಂದಿರು ಎಫ್‌ಸಿ ಎಡ್ಮಂಟನ್ ಶುರು ಮಾಡಿದ್ರು. 2011ರಿಂದ ಅಮೆರಿಕ-ಕೆನಡಾದ ಎರಡನೇ ದರ್ಜೆ ಲೀಗ್ ಆದ ಎನ್‌ಎಎಸ್‌ಎಲ್‌ನಲ್ಲಿ ಆಟ. ಮೊದಲು ಯೂನಿವರ್ಸಿಟಿಯ ಫೂಟ್ ಫೀಲ್ಡ್‌ನಲ್ಲಿ, ಆಮೇಲೆ ಕ್ಲಾರ್ಕ್‌ನಲ್ಲಿ. ಅಭಿಮಾನಿಗಳು ಇಟ್ಟ ಅಡ್ಡಹೆಸರು 'ಎಡ್ಡೀಸ್'. ಆರಂಭದ ಇಬ್ಬರು ಕೋಚ್‌ಗಳು ಡಚ್ಚರು. 2013ರಿಂದ ಸ್ಕಾಟ್‌ಲ್ಯಾಂಡ್ ಮೂಲದ ಕಾಲಿನ್ ಮಿಲ್ಲರ್ ಬಂದ್ಮೇಲೆ ಟೀಮಿಗೆ ಒಂದು ಮುಖ ಬಂತು. ಉತ್ತರ ಐರ್ಲೆಂಡಿನ ಡ್ಯಾರಿಲ್ ಫೋರ್ಡೈಸ್ ಗೋಲು ಹೊಡೀತಿದ್ದ, ಜಮೈಕಾದ ಲಾನ್ಸ್ ಲೇಯಿಂಗ್ ಎಡಗಡೆಯಿಂದ ನುಗ್ತಿದ್ದ. ದೊಡ್ಡ ಹೆಸರುಗಳಲ್ಲ, ಆದ್ರೆ ಆ ಸ್ಟ್ಯಾಂಡಿನಲ್ಲಿ ಕೂತವರಿಗೆ ಇವರೇ ಮೆಸ್ಸಿ.

ಒಂದು ರಾತ್ರಿ ಬಗ್ಗೆ ಹೇಳಲೇಬೇಕು. 2014ರ ಮೇ, ಕೆನಡಿಯನ್ ಚಾಂಪಿಯನ್‌ಶಿಪ್ ಸೆಮಿಫೈನಲ್. ಎದುರಾಳಿ ಎಂಎಲ್‌ಎಸ್‌ನ ಮಾಂಟ್ರಿಯಲ್ ಇಂಪ್ಯಾಕ್ಟ್, ಅಂದ್ರೆ ಒಂದು ದರ್ಜೆ ಮೇಲಿನ ಕ್ಲಬ್. ಮನೆಯಂಗಳದ ಮೊದಲ ಮ್ಯಾಚನ್ನ ಎಡ್ಡೀಸ್ 2-1ಕ್ಕೆ ಗೆದ್ರು! ಮಾಂಟ್ರಿಯಲ್‌ನಲ್ಲಿ ಎರಡನೇ ಮ್ಯಾಚು ತೊಂಬತ್ತು ನಿಮಿಷ ದಾಟಿತ್ತು. ಇನ್ನೇನು ವಿಸಿಲ್ ಬೀಳಬೇಕು, ಆಗ ಹ್ಯಾಂಡ್‌ಬಾಲ್ ಅಂತ ಪೆನಾಲ್ಟಿ. ಪ್ಯಾಟ್ರಿಸ್ ಬರ್ನಿಯೆ ಒಳಗೆ ಹಾಕಿದ. ಒಟ್ಟು ಲೆಕ್ಕ 5-4, ಎಡ್ಡೀಸ್ ಮನೆಗೆ. ಆ ಹ್ಯಾಂಡ್‌ಬಾಲ್ ಬಗ್ಗೆ ನಾನು ಬಾಯಿ ಬಿಟ್ರೆ ಈ ಕ್ಯಾಪ್ಷನ್ ಮುಗಿಯಲ್ಲ, ಬಿಡಿ.

2016ರಲ್ಲಿ ಲೀಗಲ್ಲಿ ಒಟ್ಟಾರೆ ಮೂರನೇ ಸ್ಥಾನ ಪಡೆದು ಸೆಮಿಫೈನಲ್ ತಲುಪಿದ್ರು, ಅಲ್ಲಿ ಇಂಡಿ ಇಲೆವೆನ್ ಎದುರು ಒಂದು ಗೋಲಿನ ಸೋಲು. ಅದಾದ ಮಾರನೇ ವರ್ಷವೇ ಕಾಲ ಕೆಳಗಿನ ನೆಲ ಜಾರಿತು. 2017ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫುಟ್‌ಬಾಲ್ ಒಕ್ಕೂಟ ಎನ್‌ಎಎಸ್‌ಎಲ್‌ಗೆ ಎರಡನೇ ದರ್ಜೆ ಮಾನ್ಯತೆ ಕೊಡಲ್ಲ ಅಂತು. ನವೆಂಬರ್‌ನಲ್ಲಿ ಎಡ್ಮಂಟನ್ ವೃತ್ತಿಪರ ಆಟ ನಿಲ್ಲಿಸ್ತು. ಬೇರೆ ದೇಶದ ಆಫೀಸಿನ ಒಂದು ಪತ್ರ, ನಮ್ಮೂರ ಕ್ಲಬ್ ಖಲಾಸ್. 2025ರಲ್ಲಿ ಐಎಸ್‌ಎಲ್ ತಡೆಹಿಡಿದು, ನಮ್ಮ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ನಿಲ್ಲಿಸ್ತೀವಿ ಅಂದಾಗ ನಿಮಗೆ ಹೊಟ್ಟೆಯಲ್ಲಿ ಏನೋ ಕಲಸಿದಂಗಾಯ್ತಲ್ಲ, ಅದೇ.

ಫಾತ್ ಕುಟುಂಬ ಮತ್ತೆ ಬಂತು. 2019ರಲ್ಲಿ ಕೆನಡಾದ್ದೇ ಸ್ವಂತ ಲೀಗ್ ಸಿಪಿಎಲ್ ಶುರುವಾದಾಗ ಎಡ್ಡೀಸ್ ಅಲ್ಲಿದ್ರು. ಕ್ಯಾಲ್ಗರಿಯ ಕ್ಯಾವಲ್ರಿ ಎದುರಿನ ಡರ್ಬಿಗೆ 'ಅಲ್ ಕ್ಲಾಸಿಕೋ' ಅಂತ ಹೆಸರು. ಎರಡೂ ಊರು ಇರೋ ಪ್ರಾಂತ್ಯ ಆಲ್ಬರ್ಟಾ, ಅದಕ್ಕೆ 'ಅಲ್'. (ಈ ತಲೆ ನಮ್ಮ ಕ್ಲಾಸ್ ಗ್ರೂಪಿನ ಅಡ್ಮಿನ್‌ಗೆ ಇರಬಾರದಿತ್ತಾ.) ಎರಡೂ ಊರಿನ ನಡುವೆ ಹೆಚ್ಚುಕಮ್ಮಿ 300 ಕಿಲೋಮೀಟರ್, ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋದಷ್ಟು. ಆಮೇಲೆ ಕೋವಿಡ್. 2020ರಲ್ಲಿ ಎಲ್ಲ ಟೀಮನ್ನೂ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಕರ್ಕೊಂಡು ಹೋಗಿ ಆಡಿಸಿದ್ರು. ಎಡ್ಮಂಟನ್ ಏಳು ಮ್ಯಾಚಲ್ಲಿ ಆರು ಸೋತು ಒಂದು ಡ್ರಾ ಮಾಡ್ಕೊಂಡು ವಾಪಸ್ ಬಂತು.

2022ಕ್ಕೆ ಫಾತ್ ಕುಟುಂಬ ಹಿಂದೆ ಸರೀತು. ಕ್ಲಬ್ಬನ್ನ ಲೀಗೇ ನಡೆಸೋಕೆ ಶುರು ಮಾಡ್ತು. ಹೌದು, 2004ರ ಅದೇ ಕತೆ. ಬೇರೆ ಕ್ಲಬ್ಬುಗಳಿಂದ ಎರವಲು ತಂದ ಹುಡುಗರನ್ನ ಸೇರಿಸಿ ಅಲನ್ ಕೋಕ್ ಒಂದು ಟೀಮ್ ಕಟ್ಟಿದ್ರು, ಅದು ಕೊನೇ ಸ್ಥಾನದಲ್ಲಿ ಮುಗೀತು. ಹೊಸ ಮಾಲೀಕ ಸಿಗಲಿಲ್ಲ. ಸೀಸನ್ ಮುಗಿದ ಮೇಲೆ ಲೀಗ್ ಒಪ್ಪಂದ ರದ್ದು ಮಾಡ್ತು. ಅದೇ ವರ್ಷದ ಕೊನೆಗೆ ಕತಾರ್‌ನಲ್ಲಿ ಕ್ರೊಯೇಷಿಯಾ ಎದುರು ಕೆನಡಾ ಪುರುಷರ ಟೀಮಿನ ಮೊಟ್ಟಮೊದಲ ವಿಶ್ವಕಪ್ ಗೋಲು ಹೊಡೆದದ್ದು ಅಲ್ಫೊನ್ಸೊ ಡೇವಿಸ್. ಘಾನಾದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ, ಬೆಳೆದದ್ದು ಎಡ್ಮಂಟನ್‌ನಲ್ಲಿ. ಅವನ ಊರಿಗೆ ಆಗ ಒಂದು ವೃತ್ತಿಪರ ಕ್ಲಬ್ ಇಲ್ಲ.

ಈಗ ನಮ್ಮ ಬಿಕಾಂ ತಲೆ ಓಡಿಸೋಣ. ಅಕೌಂಟ್ಸ್ ಕ್ಲಾಸಲ್ಲಿ ಗುಡ್‌ವಿಲ್ ಪಾಠ ಮಾಡಿದ್ರು, ನೆನಪಿದ್ಯಾ? ಬೇರೆ ಬಿಸಿನೆಸ್ ಕೊಂಡಾಗ ದುಡ್ಡು ಕೊಟ್ಟ ಗುಡ್‌ವಿಲ್ ಬ್ಯಾಲೆನ್ಸ್ ಶೀಟಿಗೆ ಬರುತ್ತೆ. ತಾನೇ ವರ್ಷಗಟ್ಟಲೆ ಬೆಳೆಸ್ಕೊಂಡ ಗುಡ್‌ವಿಲ್ ಬರಲ್ಲ. ಹನ್ನೆರಡು ವರ್ಷ ಆ ಚಳಿಯಲ್ಲಿ ಡೋಲು ಹೊಡ್ಕೊಂಡು ನಿಂತವರ ಪ್ರೀತಿ ಈ ಎರಡನೇ ಜಾತಿ. ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ. ಮಾಲೀಕ ಹೋಗೋವಾಗ, ಲೀಗ್ ಸಹಿ ಹಾಕೋವಾಗ, ಆ ಸೊನ್ನೆಗೆ ಮೀಟಿಂಗಲ್ಲಿ ಕುರ್ಚಿ ಇಲ್ಲ.

ಫಾತ್ ಅಣ್ಣತಮ್ಮಂದಿರನ್ನ ವಿಲನ್ ಮಾಡೋಕೆ ನಾನು ತಯಾರಿಲ್ಲ. ಅವರ ದುಡ್ಡಿಲ್ಲದೆ ಈ ಕತೆನೇ ಇರ್ತಿರಲಿಲ್ಲ, ಒಂದು ಸಲ ಮುಚ್ಚಿ ಮತ್ತೆ ಜೇಬಿಗೆ ಕೈ ಹಾಕೋ ಮಾಲೀಕರು ಎಲ್ಲಿದ್ದಾರೆ ಹೇಳಿ? ತಪ್ಪು ಅವರದ್ದಲ್ಲ, ಒಂದೇ ಮನೆಯ ಜೇಬಿನ ಮೇಲೆ ಇಡೀ ಊರಿನ ಕ್ಲಬ್ಬನ್ನ ನಿಲ್ಲಿಸೋ ಪದ್ಧತಿಯದ್ದು.

"ಅಭಿಮಾನಿಗಳು ಷೇರು ತಗೊಂಡ್ರೆ ದುಡ್ಡು ಸಾಕಾಗುತ್ತಾ?" ಅಂತ ಕೇಳ್ತೀರ. ಸಾಕಾಗಲ್ಲ. ಎಡ್ಮಂಟನ್‌ನಿಂದ ಹ್ಯಾಲಿಫ್ಯಾಕ್ಸ್‌ಗೆ ಮೂರೂವರೆ ಸಾವಿರ ಕಿಲೋಮೀಟರ್‌ಗೂ ಜಾಸ್ತಿ, ಟೀಮಿನ ವಿಮಾನದ ಖರ್ಚೇ ನುಂಗಿ ಹಾಕುತ್ತೆ. ನಾನು ಕೇಳ್ತಿರೋದು ದುಡ್ಡಿಗಿಂತ ಮೊದಲು ಲೆಕ್ಕ ನೋಡೋ ಹಕ್ಕು. ಕ್ಲಬ್ ಮುಳುಗ್ತಿದೆ ಅನ್ನೋದು ಅಭಿಮಾನಿಗೆ ಪ್ರೆಸ್ ನೋಟಲ್ಲಿ ಗೊತ್ತಾಗಬಾರದು, ಎರಡು ವರ್ಷ ಮೊದಲು ಗೊತ್ತಾಗಬೇಕು. ಜರ್ಮನಿಯಲ್ಲಿ ಸದಸ್ಯರ ಕೈಲೇ ಹೆಚ್ಚು ಮತ ಇರಬೇಕು ಅನ್ನೋ 50+1 ನಿಯಮ ಇದೆ. ಅಷ್ಟು ದೂರ ಹೋಗೋದೇ ಬೇಡ. ಕೆನಡಾದಲ್ಲೇ, ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿ ಟಿಎಸ್‌ಎಸ್ ರೋವರ್ಸ್ ಅಂತ ಅರೆ-ವೃತ್ತಿಪರ ಕ್ಲಬ್ ಇದೆ. 2017ರಲ್ಲಿ ಶುರುವಾಯ್ತು, ಸ್ವಾನ್‌ಗಾರ್ಡ್ ಅನ್ನೋ ಹಳೇ ಮೈದಾನದಲ್ಲಿ ಆಟ. ಅವರು ಅಭಿಮಾನಿಗಳಿಗೇ ಷೇರು ಮಾರಿದ್ರು. ಅಭಿಮಾನಿಗಳ ಟ್ರಸ್ಟ್‌ಗೆ ಕ್ಲಬ್ಬಿನಲ್ಲಿ ಪಾಲಿದೆ. 2023ರ ಏಪ್ರಿಲ್‌ನಲ್ಲಿ ಕೆನಡಿಯನ್ ಚಾಂಪಿಯನ್‌ಶಿಪ್‌ನಲ್ಲಿ ಅವರಿಗೆ ಎದುರಾದದ್ದು ಸಿಪಿಎಲ್‌ನ ವೃತ್ತಿಪರ ಕ್ಲಬ್ ವೇಲರ್ ಎಫ್‌ಸಿ. ರೋವರ್ಸ್ 3-1ಕ್ಕೆ ಗೆದ್ರು.

ಅವತ್ತು ಸ್ವಾನ್‌ಗಾರ್ಡ್‌ನಲ್ಲಿ "ನಮ್ಮ ಕ್ಲಬ್" ಅಂತ ಕೂಗಿದವರಲ್ಲಿ ಕೆಲವರ ಹತ್ರ ಅದಕ್ಕೆ ಕಾಗದವೂ ಇತ್ತು. ಎಡ್ಮಂಟನ್‌ನವರ ಹತ್ರ ಉಳಿದಿರೋದು ನೀಲಿ ಮಫ್ಲರ್.

ಮೂರನೇ ಫೋಟೋ ಸ್ವಾನ್‌ಗಾರ್ಡ್ ಸ್ಟ್ಯಾಂಡಿಂದು. ಬೆಂಗಳೂರು ಎಫ್‌ಸಿ ಷೇರು ಮಾರೋಕೆ ಇಟ್ರೆ ನೀವು ಎಷ್ಟು ಹಾಕ್ತೀರ, ಪಾಕೆಟ್ ಮನಿ ಲೆಕ್ಕದಲ್ಲೇ ಹೇಳಿ. ನಾನು ಐನೂರು. ಸದ್ಯಕ್ಕೆ ಅಷ್ಟೇ ಇರೋದು.